ಪರದೆಯ ಚುಕ್ಕೆ ಆಂಟೆನಾದ್ದು

ತಮ್ಮಾ,

ಮೊನ್ನೆ ಹಲಬರ್ಗಾ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಾ ಕೂತಾಗ ನೀನು ಕೇಳಿದೆ: "ಮುತ್ಯಾ, ದೋಣಿ ಮ್ಯಾಲ ಜಿಪಿಎಸ್ ಆಂಟೆನಾ ಎಲ್ಲಿ ಕೂಡಿಸಬೇಕು? ಎತ್ತರಕ್ಕ ಕಟ್ಟಿದ್ರ ಛಲೋ ಅಲ್ಲೇನು?" ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಬಂತು, ನೀನು ಹತ್ತಿ ಹೋದೆ. ಅಂದಿನಿಂದ ಆ ಪ್ರಶ್ನೆ ನನ್ನ ಜೊತೆಗೇ ಉಳಿದಿದೆ. ಜಲಾಶಯಗಳ ಆಳ ಅಳೆಯುವ ದೋಣಿಗಳಲ್ಲಿ ನಾನು ಅರ್ಧ ಆಯುಷ್ಯ ಕಳೆದವನು. ಈಗ ಅದೇ ಕೆಲಸಕ್ಕೆ ನೀನು ಸೇರಿದ್ದೀಯ. ಗಡಿಬಿಡಿಯಲ್ಲಿ ಎರಡು ಮಾತು ಹೇಳಿ ಕೈತೊಳೆದುಕೊಳ್ಳುವ ವಿಷಯ ಇದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಒಂದು ಸಂಗತಿ ತಲೆಯಲ್ಲಿ ಕೂರಿಸಿಕೊ, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಪರದೆಯ ಮೇಲೆ ಕಾಣುವ ಚುಕ್ಕೆ ದೋಣಿಯದಲ್ಲ, ನಿನ್ನದೂ ಅಲ್ಲ, ನೀರೊಳಗೆ ಮುಳುಗಿ ಆಳ ಅಳೆಯುವ ಸೌಂಡರಿನದಂತೂ ಅಲ್ಲವೇ ಅಲ್ಲ. ಅದು ಆಂಟೆನಾದ ಚುಕ್ಕೆ. ಆ ಬಿಳಿ ಅಣಬೆಯ ಹೊಟ್ಟೆಯಲ್ಲಿರುವ ಒಂದು ಬಿಂದು ಎಲ್ಲಿದೆಯೋ ಅದನ್ನಷ್ಟೇ ಯಂತ್ರ ಹೇಳುತ್ತದೆ. ಅಲ್ಲಿಂದ ಸೌಂಡರಿನ ತನಕ ಎಷ್ಟು ದೂರ, ಯಾವ ದಿಕ್ಕಿಗೆ, ಎಷ್ಟು ಕೆಳಗೆ ಎನ್ನುವ ಲೆಕ್ಕವನ್ನು ನೀನೇ ಕೊಡಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷಗಳ ಹಿಂದೆ, ಒಂದು ಜಲಾಶಯದಲ್ಲಿ, ಐದು ಮೀಟರ್ ಉದ್ದದ ಫೈಬರ್ ದೋಣಿ ಕೊಟ್ಟಿದ್ದರು. ಸೌಂಡರನ್ನು ಹಿಂದೆ ಇಂಜಿನ್ ಪಕ್ಕ ಕಟ್ಟಿದೆ. ಆಂಟೆನಾಕ್ಕೆ ಯಾರೂ ತಾಗಬಾರದು ಎಂದು ಅದನ್ನು ಮೂತಿಯ ತುದಿಯಲ್ಲಿ ಕೂರಿಸಿದೆ. ಎರಡರ ನಡುವೆ ನಾಲ್ಕು ಮೀಟರ್. ಇಡೀ ದಿನ ಪೂರ್ವಕ್ಕೊಂದು ಗೆರೆ, ಪಶ್ಚಿಮಕ್ಕೊಂದು ಗೆರೆ, ಹೊಲ ಉಳುವ ಹಾಗೆ ಹೋಗಿ ಬಂದೆವು. ರಾತ್ರಿ ನಕ್ಷೆ ತೆಗೆದರೆ ನೀರೊಳಗಿನ ಹಳೆಯ ನದಿಯ ದಂಡೆ ಗರಗಸದ ಹಲ್ಲಿನ ಹಾಗೆ ಮೂಡಿತ್ತು. ಪೂರ್ವಕ್ಕೆ ಹೋಗುವಾಗ ಆಂಟೆನಾ ಸೌಂಡರಿಗಿಂತ ನಾಲ್ಕು ಮೀಟರ್ ಮುಂದೆ ಇರುತ್ತದೆ, ಹಾಗಾಗಿ ಪ್ರತಿ ಆಳವೂ ನಾಲ್ಕು ಮೀಟರ್ ಪೂರ್ವಕ್ಕೆ ಸರಿದು ದಾಖಲಾಗುತ್ತದೆ. ತಿರುಗಿ ಬರುವಾಗ ಅಷ್ಟೇ ಪಶ್ಚಿಮಕ್ಕೆ. ಅಕ್ಕಪಕ್ಕದ ಎರಡು ಗೆರೆಗಳ ನಡುವೆ ಎಂಟು ಮೀಟರ್ ಜಗಳ. ತಳ ಸಪಾಟಾಗಿದ್ದರೆ ಈ ಜಗಳ ಕಾಣುವುದೇ ಇಲ್ಲ. ನಾಲ್ಕಕ್ಕೆ ಒಂದರಂತೆ ಇಳಿಯುವ ದಂಡೆ ಇದ್ದರೆ ನಾಲ್ಕು ಮೀಟರಿನ ತಪ್ಪು ಆಳದಲ್ಲಿ ಪೂರಾ ಒಂದು ಮೀಟರ್ ತಪ್ಪಾಗುತ್ತದೆ. ಯಂತ್ರದಲ್ಲಿ ಕಿಂಚಿತ್ತೂ ದೋಷವಿರಲಿಲ್ಲ. ನಾನು ಕೂರಿಸಿದ ಜಾಗ ತಪ್ಪಾಗಿತ್ತು, ಆ ನಾಲ್ಕು ಮೀಟರನ್ನು ಪುಸ್ತಕದಲ್ಲಿ ಬರೆದುಕೊಂಡೂ ಇರಲಿಲ್ಲ. ಬರೆದಿದ್ದರೆ ಲೆಕ್ಕದಲ್ಲಿ ಸರಿಮಾಡಬಹುದಿತ್ತು. ಮರುದಿನ ಹೊಸ ಡೀಸೆಲ್ ಸುರಿದು ಎಲ್ಲವನ್ನೂ ಮತ್ತೆ ಅಳೆದೆವು.

ಈಗ ಎತ್ತರದ ಮಾತು. ಎತ್ತರಕ್ಕೆ ಕಟ್ಟಬೇಕು ಎನ್ನುವ ನಂಬಿಕೆ ನಿನಗೆ ಎಲ್ಲಿಂದ ಬಂತು ಎಂದು ಬಲ್ಲೆ. ದೂರದರ್ಶನದ ಕಾಲದಲ್ಲಿ ನಮ್ಮ ಮನೆಗಳ ಮಾಳಿಗೆ ಮೇಲೆ ಬಿದಿರ ಗಳಕ್ಕೆ ಆಂಟೆನಾ ಕಟ್ಟಿ, ಒಬ್ಬ ಮೇಲೆ ನಿಂತು ತಿರುಗಿಸುವುದು, ಇನ್ನೊಬ್ಬ ಕೆಳಗಿನಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದು ನಡೆಯುತ್ತಿತ್ತು. ಅಲ್ಲಿ ಎತ್ತರ ಬೇಕೇ ಬೇಕು, ಏಕೆಂದರೆ ಆ ಅಲೆ ನೆಲಕ್ಕೆ ಸಮನಾಗಿ ಬರುತ್ತದೆ, ಗುಡ್ಡ, ಮರ, ಭೂಮಿಯ ಬಾಗು ಅಡ್ಡ ಬರುತ್ತವೆ. ಮಲ್ಪೆಯ ಮೀನುಗಾರಿಕೆ ಬೋಟಿನಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೋದ ಕಥೆಯೂ ಅದೇ, ಅದರ ಆಂಟೆನಾ ಎತ್ತರವಿದ್ದಷ್ಟೂ ದೂರ ಮುಟ್ಟುತ್ತದೆ. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ನೀನು ಎರಡು ಮೀಟರ್ ಎತ್ತರಿಸಿ ಅದಕ್ಕೆ ಎಷ್ಟು ಹತ್ತಿರವಾದೆ, ಹೇಳು? ಅದಕ್ಕೆ ಬೇಕಾದದ್ದು ಬಯಲು. ಆಂಟೆನಾ ಕೂತ ಜಾಗದಿಂದ ಸುತ್ತ ಎಲ್ಲ ದಿಕ್ಕಿಗೂ ಆಕಾಶ ಕಾಣಬೇಕು, ಅಷ್ಟೇ.

ಅನಗತ್ಯ ಎತ್ತರದಿಂದ ಲಾಭವಿಲ್ಲ ಎನ್ನುವುದು ಹಾಗಿರಲಿ, ನಷ್ಟವೇ ಇದೆ. ಸಣ್ಣ ದೋಣಿ ತೊಟ್ಟಿಲಿನ ಹಾಗೆ ವಾಲುತ್ತದೆ. ನೀರಿನಿಂದ ನಾಲ್ಕು ಮೀಟರ್ ಮೇಲೆ ಕಟ್ಟಿದ ಆಂಟೆನಾ, ದೋಣಿ 10 ಡಿಗ್ರಿ ವಾಲಿದರೆ ಸುಮಾರು 70 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ, 20 ಡಿಗ್ರಿ ವಾಲಿದರೆ 1.37 ಮೀಟರ್. ಅದನ್ನೇ ಒಂದೂವರೆ ಮೀಟರಿಗೆ ಇಳಿಸಿದರೆ 10 ಡಿಗ್ರಿಗೆ 26 ಸೆಂಟಿಮೀಟರ್ ಮಾತ್ರ. ದೋಣಿ ಇದ್ದಲ್ಲೇ ಇರುತ್ತದೆ, ಚುಕ್ಕೆ ಮಾತ್ರ ಆಚೆ ಈಚೆ ಕುಣಿಯುತ್ತದೆ. ಹಾಗಾದರೆ ಎಷ್ಟು ಎತ್ತರ? ದೋಣಿಯಲ್ಲಿ ಕೂತವರ ತಲೆಗಿಂತ ಒಂದು ಮೊಳ ಮೇಲೆ. ಅದಕ್ಕಿಂತ ಕೆಳಗಿದ್ದರೆ ಮನುಷ್ಯರ ಮೈಯೇ ಅಡ್ಡವಾಗುತ್ತದೆ. ನಮ್ಮ ಮೈಯಲ್ಲಿ ಬಹುಪಾಲು ನೀರು, ಆ ಅಲೆಯನ್ನು ಅದು ನುಂಗಿಬಿಡುತ್ತದೆ.

ಆ ಅಲೆ ಎಷ್ಟು ಕ್ಷೀಣ ಎನ್ನುವುದೂ ನಿನಗೆ ಗೊತ್ತಿರಬೇಕು. ಭಾಲ್ಕಿ ಸಂತೆಯ ಗದ್ದಲದ ನಡುವೆ ಊರಾಚೆಯಿಂದ ಯಾರೋ ಪಿಸುಗುಟ್ಟಿದರೆ ಹೇಗೋ, ಉಪಗ್ರಹದ ಮಾತು ನಮ್ಮ ತನಕ ಬರುವಷ್ಟರಲ್ಲಿ ಹಾಗೆ ಸುತ್ತಲಿನ ಸದ್ದಿಗಿಂತ ಕೆಳಗೆ ಇಳಿದಿರುತ್ತದೆ. ಪಿಸುಮಾತಿನ ಧಾಟಿ ಮೊದಲೇ ಗೊತ್ತಿರುವುದರಿಂದ ರಿಸೀವರ್ ಅದನ್ನು ಹೆಕ್ಕಿ ತೆಗೆಯುತ್ತದೆ. ಪಕ್ಕದಲ್ಲಿ ಯಾರಾದರೂ ಕೂಗಿದರೆ ಮುಗಿಯಿತು. ದೋಣಿಗಳ ವಿಎಚ್‌ಎಫ್ ಕೆಲಸ ಮಾಡುವುದು 157 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅದರ ಹತ್ತು ಪಟ್ಟು ಎಷ್ಟು? ಜಿಪಿಎಸ್ ಮಾತಾಡುವುದು 1575.42ರಲ್ಲಿ. ಹೀಗೆ ಒಂದರ ಮರಿದನಿ ಇನ್ನೊಂದರ ಮೇಲೆ ಬಂದು ಬೀಳುತ್ತದೆ. ನಮ್ಮ ದೋಣಿಯವನು ಆಂಟೆನಾದ ಪಕ್ಕ ಕೂತು ಕೈಯಲ್ಲಿದ್ದ ರೇಡಿಯೋದ ಗುಂಡಿ ಒತ್ತಿದಾಗಲೆಲ್ಲ ಉಪಗ್ರಹಗಳು ಒಂದೊಂದಾಗಿ ಮಾಯವಾಗುತ್ತಿದ್ದವು, ಗುಂಡಿ ಬಿಟ್ಟರೆ ಮರಳುತ್ತಿದ್ದವು. ಎರಡು ದಿನ ಕೇಬಲ್ಲನ್ನೇ ಅನುಮಾನಿಸಿದೆ. ಮಾತಾಡುವ ರೇಡಿಯೋಕ್ಕೂ ಜಿಪಿಎಸ್ ಆಂಟೆನಾಕ್ಕೂ ಒಂದು ಮೀಟರಾದರೂ ಅಂತರವಿರಲಿ, ಜಾಗ ಇದ್ದರೆ ಇನ್ನೂ ಹೆಚ್ಚು. ಸಮುದ್ರದ ಬೋಟಿಗೆ ಎಂದಾದರೂ ಹೋದರೆ, ರೇಡಾರ್ ತಿರುಗುವ ಮಟ್ಟದಲ್ಲಿ ಅದರ ಮುಖದೆದುರು ಇದನ್ನು ಕೂರಿಸಬೇಡ.

ಹೀಗೆ ಕೂಗುವುದು ರೇಡಿಯೋ ಒಂದೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಎನ್ನುವ ಸಣ್ಣ ಬಂದರಿನಲ್ಲಿ 2001ರಲ್ಲಿ ಬಂದರಿಗೆ ಬಂದರೇ ಜಿಪಿಎಸ್ ಕಳೆದುಕೊಂಡಿತ್ತು. ಹುಡುಕಿ ಹುಡುಕಿ ಕೊನೆಗೆ ಸಿಕ್ಕ ಕಳ್ಳ ಯಾರೆಂದರೆ, ಅಲ್ಲಿ ಕಟ್ಟಿದ್ದ ದೋಣಿಗಳ ಟಿವಿ ಆಂಟೆನಾದೊಳಗಿನ ಪುಟ್ಟ ಆಂಪ್ಲಿಫೈಯರ್. ನೋಡಲು ನಿರುಪದ್ರವಿ ವಸ್ತು, ಅದು ಒಳಗೊಳಗೇ ಹುಚ್ಚೆದ್ದು ಜಿಪಿಎಸ್ಸಿನ ಸಾಲಿನಲ್ಲೇ ಕಿರುಚುತ್ತಿತ್ತು. ಅದಕ್ಕೇ ಹೇಳುತ್ತೇನೆ, ದೋಣಿಗೆ ಹೊಸ ವಸ್ತು ಏನೇ ಬರಲಿ, ಅಗ್ಗದ ಎಲ್‌ಇಡಿ ದೀಪವಿರಲಿ, ಮೊಬೈಲ್ ಚಾರ್ಜರ್ ಇರಲಿ, ಅದನ್ನು ಹಚ್ಚಿ, ಆರಿಸಿ, ಪರದೆಯಲ್ಲಿ ಉಪಗ್ರಹಗಳ ಬಲ ಕುಸಿಯುತ್ತದೆಯೇ ನೋಡು. ಇಂಜಿನ್ನನ್ನೂ ಹಾಗೇ ಪರೀಕ್ಷಿಸು.

ಮೇಲಿನ ಆಕಾಶಕ್ಕೆ ಅಡ್ಡ ಬರುವವು ಯಾವುವು ಗೊತ್ತೇ? ತಗಡಿನ ಮಾಡು ಪೂರ್ತಿ ಅಡ್ಡ. ಒಣ ಬಟ್ಟೆ, ತೆಳು ಫೈಬರ್ ದಾಟಿ ಅಲೆ ಬರುತ್ತದೆ, ಆದರೆ ತೊಯ್ದ ಬಟ್ಟೆ, ಕಾರ್ಬನ್, ಲೋಹ ಬೆರೆತ ಬಣ್ಣ ಬಳಿದದ್ದು ನಂಬಿಕೆಗೆ ಅರ್ಹವಲ್ಲ. ಆಂಟೆನಾದ ಮೇಲೆ ಚೆಂದಕ್ಕೆಂದು ಬಣ್ಣ ಬಳಿಯಲೇಬೇಡ. ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಕೊಡೆ. ಮೇ ತಿಂಗಳ ಬೀದರ ಬಿಸಿಲಿನಲ್ಲಿ, ನಡುನೀರಿನಲ್ಲಿ, ಲ್ಯಾಪ್‌ಟಾಪ್ ಪರದೆಗೆ ನೆರಳು ಬೇಕೆಂದು ಯಾರಾದರೂ ಕೊಡೆ ಬಿಚ್ಚೇ ಬಿಚ್ಚುತ್ತಾರೆ. ಅದರ ಕಡ್ಡಿ ಲೋಹದ್ದು. ಬಿಚ್ಚಬೇಡಿ ಎಂದು ಹೇಳಲಾರೆ, ಬಿಸಿಲು ತಾಳಲಾಗುವುದಿಲ್ಲ. ಆಂಟೆನಾವನ್ನು ಕೊಡೆಗಿಂತ ಮೇಲೆ ಇಟ್ಟುಕೊಂಡು ಆಮೇಲೆ ಬಿಚ್ಚಿ.

ನೀರೂ ಒಂದು ಕನ್ನಡಿ. ಕೆಳಗೆ ವಾಲಿದ ಉಪಗ್ರಹದ ಅಲೆ ನೀರಿಗೆ ಬಡಿದು ಪುಟಿದು ಮೇಲಕ್ಕೆ ಬಂದರೆ, ಆಂಟೆನಾಕ್ಕೆ ಒಂದೇ ಮಾತು ಎರಡು ಬಾರಿ ಕೇಳಿಸುತ್ತದೆ, ನೇರವಾಗಿ ಒಮ್ಮೆ, ಸುತ್ತಿ ಬಂದದ್ದು ಇನ್ನೊಮ್ಮೆ. ದೂರದ ಲೆಕ್ಕ ತಪ್ಪುತ್ತದೆ. ಅಣೆಕಟ್ಟೆಯ ಗೋಡೆಗೆ ಹತ್ತಿರ ಹೋದರೂ ಹಾಗೇ ಆಗುತ್ತದೆ. ಒಳ್ಳೆ ಆಂಟೆನಾದ ಅಡಿಯಲ್ಲಿ ಒಂದು ಲೋಹದ ತಟ್ಟೆ ಇರುತ್ತದೆ, ಕೆಳಗಿನಿಂದ ಬರುವ ಪುಟಿದ ಅಲೆಯನ್ನು ಅದು ತಡೆಯುತ್ತದೆ. ಭಾರವೆಂದು ಅದನ್ನು ಬಿಚ್ಚಿಡುವವರನ್ನು ನೋಡಿದ್ದೇನೆ. ನೀನು ಬಿಚ್ಚಬೇಡ. ದಿಗಂತದಿಂದ 10-15 ಡಿಗ್ರಿಯೊಳಗಿನ ಉಪಗ್ರಹಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಯಂತ್ರಕ್ಕೂ ಹೇಳಿಡು.

ದಡದಲ್ಲಿ ಬೇಸ್, ಅಂದರೆ ಅಲುಗಾಡದೆ ನಿಂತು ದೋಣಿಯ ಯಂತ್ರದ ತಪ್ಪು ತಿದ್ದುವ ಇನ್ನೊಂದು ರಿಸೀವರ್, ಇಡುವಾಗ ಒಂದು ಮಾತು ನೆನಪಿಡು. ನಮ್ಮೂರು ಸುಮಾರು 18 ಡಿಗ್ರಿ ಉತ್ತರದಲ್ಲಿದೆ. ಜಿಪಿಎಸ್ ಉಪಗ್ರಹಗಳ ದಾರಿ 55 ಡಿಗ್ರಿ ವಾಲಿರುವುದರಿಂದ ನಮ್ಮ ಉತ್ತರ ದಿಕ್ಕಿನ ತಗ್ಗಿನ ಆಕಾಶದಲ್ಲಿ ಅವು ಸುಳಿಯುವುದು ಕಡಿಮೆ. ನಮ್ಮ ದೇಶದ ನಾವಿಕ್ ಮತ್ತು ಗಗನ್ ವ್ಯವಸ್ಥೆಯ ಭೂಸ್ಥಿರ ಉಪಗ್ರಹಗಳೆಲ್ಲ ಸಮಭಾಜಕದ ಮೇಲೆ, ಅಂದರೆ ನಮಗೆ ದಕ್ಷಿಣಕ್ಕೆ. ಹಾಗಾಗಿ ದಡದ ಬೇಸಿಗೆ ಜಾಗ ಆರಿಸುವಾಗ ಮರವೋ ಗೋಡೆಯೋ ಇರಲೇಬೇಕಾದರೆ ಅದು ಉತ್ತರಕ್ಕೆ ಇರಲಿ, ದಕ್ಷಿಣ ತೆರೆದಿರಲಿ. ದೋಣಿಯಲ್ಲಿ ಈ ಲೆಕ್ಕ ನಡೆಯದು, ದೋಣಿ ತಿರುಗುತ್ತಲೇ ಇರುತ್ತದೆ.

ಇನ್ನು ಕೂರಿಸುವ ರೀತಿ. ನಾನು ಕೊನೆಗೆ ಬಂದು ನಿಂತದ್ದು ಇದಕ್ಕೆ: ಒಂದೇ ನೆಟ್ಟಗಿನ ಸ್ಟೀಲ್ ಪೈಪು. ದೋಣಿಯ ಉದ್ದದಲ್ಲಿ ನಡುಮಧ್ಯಕ್ಕೆ, ಪಕ್ಕದ ಅಂಚಿಗೆ ಬಿಗಿಯಾದ ಕ್ಲಾಂಪು. ಪೈಪಿನ ಕೆಳತುದಿಗೆ ಸೌಂಡರ್, ಮೇಲ್ತುದಿಗೆ ಆಂಟೆನಾ. ಒಂದರ ನೆತ್ತಿಯ ಮೇಲೆ ಇನ್ನೊಂದು. ಆಗ ಮುಂದೆ-ಹಿಂದೆ, ಎಡ-ಬಲ ಎನ್ನುವ ಅಂತರವೇ ಉಳಿಯುವುದಿಲ್ಲ, ಉಳಿಯುವುದು ಪೈಪಿನ ಉದ್ದ ಮಾತ್ರ. ನಡುಭಾಗವೇ ಏಕೆಂದರೆ ದೋಣಿಯ ಮೂತಿ ಏಳುತ್ತಾ ಬೀಳುತ್ತಾ ಇರುತ್ತದೆ, ಹಿಂಭಾಗದಲ್ಲಿ ಇಂಜಿನ್ನಿನ ಗುಳ್ಳೆಗಳು ಸೌಂಡರನ್ನು ಕುರುಡು ಮಾಡುತ್ತವೆ. ಪೈಪಿನ ತಳದಿಂದ ದೋಣಿಯ ಮುಂದಕ್ಕೊಂದು, ಹಿಂದಕ್ಕೊಂದು ಹಗ್ಗ ಬಿಗಿದು ಕಟ್ಟು, ಇಲ್ಲದಿದ್ದರೆ ವೇಗಕ್ಕೆ ಪೈಪು ಹಿಂದಕ್ಕೆ ಬಾಗುತ್ತದೆ, ನಡುಗುತ್ತದೆ. ಎಲ್ಲರೂ ತಮ್ಮ ಜಾಗದಲ್ಲಿ ಕೂತ ಮೇಲೆ, ಡೀಸೆಲ್ ಡಬ್ಬ, ಬ್ಯಾಟರಿ ಎಲ್ಲ ಇಟ್ಟ ಮೇಲೆ ಪೈಪು ನೆಟ್ಟಗಿದೆಯೇ ತೂಗುಗುಂಡು ಹಿಡಿದು ನೋಡು. ಖಾಲಿ ದೋಣಿಯಲ್ಲಿ ನೆಟ್ಟಗಿದ್ದದ್ದು ನಾಲ್ಕು ಜನ ಕೂತಾಗ ವಾಲಿರುತ್ತದೆ. ಆಂಟೆನಾದ ತಳದಿಂದ ಸೌಂಡರಿನ ಮುಖದ ತನಕ ಟೇಪು ಹಿಡಿದು ಅಳೆ, ಇನ್ನೊಬ್ಬನಿಂದ ಮತ್ತೊಮ್ಮೆ ಅಳೆಸು, ಚಿತ್ರ ಬರೆದು ಪುಸ್ತಕದಲ್ಲಿ ತಾರೀಖಿನ ಸಮೇತ ಗುರುತು ಮಾಡು. ಮಧ್ಯಾಹ್ನ ಊಟಕ್ಕೆ ಪೈಪು ಬಿಚ್ಚಿ ಮತ್ತೆ ಕಟ್ಟಿದರೆ ಮತ್ತೆ ಅಳೆದು ಮತ್ತೆ ಬರೆ.

ತೂಗುಗುಂಡಿನ ಮಾತು ಬಂತಲ್ಲ, ನಮ್ಮ ನೆಲಕ್ಕೆ ಸಂಬಂಧಿಸಿದ ಒಂದು ಹಳೆಯ ಸಂಗತಿ ಹೇಳಬೇಕು. 1815ರಲ್ಲಿ ವಿಲಿಯಂ ಲ್ಯಾಂಬ್ಟನ್ ಎನ್ನುವ ಸರ್ವೇಯರ್, ಕನ್ಯಾಕುಮಾರಿಯ ಕಡೆಯಿಂದ ಭೂಮಿಯನ್ನು ಅಳೆಯುತ್ತಾ ಬಂದು, ನಮ್ಮ ಬೀದರಿನ ಹತ್ತಿರ ಉಕ್ಕಿನ ಸರಪಳಿ ಹಾಸಿ ಒಂದು ಮೂಲರೇಖೆ ಅಳೆದ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ ಎಂದು ಥರ್ಮಾಮೀಟರ್ ಇಟ್ಟು ಲೆಕ್ಕ ಸರಿಮಾಡುತ್ತಿದ್ದ. ಬೀದರಿನ ಸಮೀಪದ ದಾಮರಗಿಡ್ಡ ಎನ್ನುವ ಅಳತೆಯ ನಿಲ್ದಾಣ 18 ಡಿಗ್ರಿ 3 ಮಿನಿಟ್ ಉತ್ತರ ಅಕ್ಷಾಂಶದಲ್ಲಿದೆ. ಆಮೇಲೆ ಜಾರ್ಜ್ ಎವರೆಸ್ಟ್ ಅಲ್ಲಿಂದಲೇ ಉತ್ತರಕ್ಕೆ ಅಳತೆ ಮುಂದುವರಿಸಿದ. ಹಿಮಾಲಯದ ಶಿಖರಕ್ಕೆ ಹೆಸರು ಬಿದ್ದದ್ದು ಅದೇ ಎವರೆಸ್ಟನದು. ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಗುಡ್ಡ ಹತ್ತಿಸಿದ ಮೇಲೆ ಅವರು ಮಾಡುತ್ತಿದ್ದ ಮೊದಲ ಕೆಲಸ, ಅದರ ನಡುವನ್ನು ನೆಲದ ಗುರುತಿನ ನೆತ್ತಿಗೆ ತೂಗುಗುಂಡಿನಿಂದ ಹೊಂದಿಸುವುದು. ಯಂತ್ರ ಎಲ್ಲಿ ಕೂತಿದೆಯೋ ಅಳತೆ ಅಲ್ಲಿಯದು ಎನ್ನುವ ಅರಿವು ಅವರಿಗೆ ಇನ್ನೂರು ವರ್ಷದ ಹಿಂದೆ ಇತ್ತು. ನೀನು ಪೈಪಿನ ಕೆಳಗೆ ಸೌಂಡರ್, ಮೇಲೆ ಆಂಟೆನಾ ಹೊಂದಿಸುವುದು ಅದೇ ಕೆಲಸ, ಅದೇ ಅಕ್ಷಾಂಶದ ಹತ್ತಿರ.

ಜಿಪಿಎಸ್ಸಿನ ಮೊದಲ ದಿನಗಳಲ್ಲಿ ಸಾಮಾನ್ಯ ಬಳಕೆಗೆ ಈ ಜಾಗ್ರತೆ ಅಷ್ಟಾಗಿ ಬೇಕಿರಲಿಲ್ಲ. 2000ನೇ ಇಸವಿಯ ಮೇ ತಿಂಗಳ ತನಕ ಅಮೆರಿಕ ಬೇಕೆಂದೇ ಸಂಕೇತವನ್ನು ಕೆಡಿಸಿ ಬಿಡುತ್ತಿತ್ತು, ಸ್ಥಾನ ನೂರು ಮೀಟರಿನಷ್ಟು ತಪ್ಪಬಹುದಿತ್ತು. ನೂರು ಮೀಟರಿನಲ್ಲಿ ಮೂತಿಗೂ ಹಿಂಭಾಗಕ್ಕೂ ಏನು ವ್ಯತ್ಯಾಸ? ಆಮೇಲೆ ಅದು ಹತ್ತು ಮೀಟರಿಗೆ ಇಳಿಯಿತು. ಈಗ ದಡದಲ್ಲಿ ಬೇಸ್ ಇಟ್ಟರೆ ನಿನ್ನ ಯಂತ್ರ ಎರಡು-ಮೂರು ಸೆಂಟಿಮೀಟರಿಗೆ ಸ್ಥಾನ ಹೇಳುತ್ತದೆ. ಯಂತ್ರ ಇಷ್ಟು ಚೊಕ್ಕವಾದ ಮೇಲೆ ಉಳಿದ ದೊಡ್ಡ ತಪ್ಪು ಒಂದೇ, ನಾವು ಅದನ್ನು ಕೂರಿಸುವ ಜಾಗ. ದುಬಾರಿ ಯಂತ್ರ ಬಂದಿದೆ, ಇನ್ನು ಚಿಂತೆಯಿಲ್ಲ ಎನ್ನುವವರ ಮಾತು ಕೇಳಬೇಡ.

ಸಣ್ಣ ಮಾತುಗಳು ಕೆಲವು ಬಾಕಿ ಇವೆ. ಅಯಸ್ಕಾಂತದ ತಳವಿರುವ ಆಂಟೆನಾವನ್ನು ದಿಕ್ಸೂಚಿಯ ಹತ್ತಿರ ಇಡಬೇಡ, ಮುಳ್ಳು ಸುಳ್ಳು ಹೇಳುತ್ತದೆ. ಕೇಬಲ್ ಉದ್ದವಾಯಿತೆಂದು ಕತ್ತರಿಸಿ ಟೇಪು ಸುತ್ತಿ ಜೋಡಿಸಬೇಡ, ಚೂಪಾಗಿ ಮಡಚಬೇಡ. ಅದರಲ್ಲಿ ಸಂಕೇತ ಕೆಳಗೆ ಬರುವುದಲ್ಲದೆ ಆಂಟೆನಾಕ್ಕೆ ಬೇಕಾದ ವಿದ್ಯುತ್ತೂ ಮೇಲೆ ಹೋಗುತ್ತದೆ, ಒಂದು ಹನಿ ನೀರು ಇಳಿದರೂ ಎರಡೂ ಕೆಡುತ್ತವೆ. ಜೋಡಣೆಗೆ ಮುಂಚೆ ಕೇಬಲ್ಲನ್ನು ಕೆಳಗೆ ಜೋಲುಬಿಟ್ಟು ಮೇಲೆ ತಾ, ಮಳೆ ನೀರು ಆ ಜೋಲಿನಿಂದ ತೊಟ್ಟಿಕ್ಕಿ ಹೋಗಲಿ. ಮೊಬೈಲ್ ಜಿಪಿಎಸ್ ಬಳಸುವ ಮೀನುಗಾರರು ಕೇಳಿದರೆ, ಬಲೆ ಬಿಟ್ಟ ಜಾಗ ಗುರುತು ಹಾಕುವಾಗ ಫೋನನ್ನು ಕಿಸೆಯಿಂದ ತೆಗೆದು ಬಯಲಿಗೆ ಹಿಡಿಯಿರಿ ಎಂದು ಹೇಳು, ಅವರಿಗೆ ಅಷ್ಟು ಸಾಕು.

ಆದರೆ ಸಿಡಿಲಿನ ಮಾತು ಸಣ್ಣದಲ್ಲ. ಬಯಲು ನೀರಿನ ನಡುವೆ ನಿನ್ನ ಪೈಪೇ ಎಲ್ಲಕ್ಕಿಂತ ಎತ್ತರದ ಲೋಹ. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ದೂರದಲ್ಲಿ ಗುಡುಗು ಕೇಳಿದ ಕ್ಷಣವೇ ಗೆರೆ ಅರ್ಧಕ್ಕೆ ಬಿಟ್ಟು ದಡಕ್ಕೆ ಬಾ. ಸಾಹೇಬರು ಸಿಟ್ಟಾದರೆ ಆಗಲಿ. ಗೆರೆ ನಾಳೆ ಎಳೆಯಬಹುದು. ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಕೂರುವ ಹಲಗೆ ಕೆಳಗಲ್ಲ.

ಇಷ್ಟೆಲ್ಲ ಏಕೆ ಎನ್ನಿಸಬಹುದು. ತುಂಗಭದ್ರೆಯ ಕಥೆ ನೋಡು. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ. 2008ರ ಸರ್ವೇ 100.855 ಟಿಎಂಸಿ ಎಂದಿತು, 2016ರದು 105.788 ಎಂದಿತು. ಹೂಳು ತಾನಾಗಿ ಎದ್ದು ಹೋಗುವುದಿಲ್ಲ, ಬದಲಾದದ್ದು ಅಳತೆ. ಎರಡರ ನಡುವಿನ ಅಂತರ ನಮ್ಮ ಕಾರಂಜಾ ಜಲಾಶಯದ ಒಟ್ಟು 7.69 ಟಿಎಂಸಿಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ಅಳತೆಯಲ್ಲಿ ಅಷ್ಟು ನೀರು ಬರಬಹುದು, ಹೋಗಬಹುದು. ಒಂದು ಚದರ ಕಿಲೋಮೀಟರ್ ನೀರಿನ ಮೇಲೆ ಹತ್ತು ಸೆಂಟಿಮೀಟರ್ ಆಳ ತಪ್ಪಿದರೆ ಹತ್ತು ಕೋಟಿ ಲೀಟರ್ ತಪ್ಪುತ್ತದೆ, ತಲೆಗೆ ನೂರು ಲೀಟರಿನಂತೆ ಹತ್ತು ಲಕ್ಷ ಜನರ ಒಂದು ದಿನದ ನೀರು. 2016ರ ಬರದಲ್ಲಿ ಮಾಂಜ್ರಾ ಜಲಾಶಯ ಬತ್ತಿ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ಹೋದದ್ದನ್ನು ಕಂಡವರು ನಾವು. ಬೀದರ ನಗರ ಕುಡಿಯುವುದು ಕಾರಂಜಾದ ನೀರು. ಎಷ್ಟಿದೆ ಎಂದು ಸರಿಯಾಗಿ ತಿಳಿಯದೆ ಯಾರಿಗೆ ಎಷ್ಟು ಹಂಚುವುದು?

ಇನ್ನೊಂದೂ ಇದೆ. ಕಾರಂಜಾದಲ್ಲಿ ನಿನ್ನ ದೋಣಿ ತೇಲುವ ಜಾಗದ ಕೆಳಗೆ ಯಾರದೋ ಹೊಲವಿತ್ತು, ಬಾವಿಯಿತ್ತು, ಬೇವಿನ ಮರವಿತ್ತು. ಆ ಜಮೀನು ಕಳೆದುಕೊಂಡವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತವರು, ನಮ್ಮ ನೆಂಟರೇ. ನಿನ್ನ ಪರದೆಯಲ್ಲಿ ಆ ಹೊಲದ ಬದು ಒಂದು ಉಬ್ಬಾಗಿ ಮೂಡಿದರೆ, ಅದು ಇದ್ದಲ್ಲಿಯೇ ಮೂಡಲಿ. ಅದಕ್ಕೊಂದು ಪರೀಕ್ಷೆ ಹೇಳುತ್ತೇನೆ, ಪ್ರತಿ ಕೆಲಸದ ಮೊದಲ ಬೆಳಿಗ್ಗೆ ತಪ್ಪದೆ ಮಾಡು. ನೀರೊಳಗೆ ಎದ್ದು ಕಾಣುವ ಒಂದು ಬದುವನ್ನೋ ಕಲ್ಲಿನ ಗೋಡೆಯನ್ನೋ ಹುಡುಕಿ, ಒಂದೇ ಗೆರೆಯಲ್ಲಿ ಅದರ ಮೇಲೆ ಹೋಗು, ಅದೇ ಗೆರೆಯಲ್ಲಿ ತಿರುಗಿ ಬಾ. ಎರಡೂ ಸಲ ಗೋಡೆ ಒಂದೇ ಜಾಗದಲ್ಲಿ ಮೂಡಿದರೆ ಕೆಲಸ ಶುರುಮಾಡು. ಎರಡು ಗೋಡೆ ಕಂಡರೆ ದಡಕ್ಕೆ ಬಂದು ಟೇಪು ಹಿಡಿ.

ನಿನ್ನ ಹತ್ತಿರ ಒಳ್ಳೆ ಟೇಪು ಇದೆಯೋ ಇಲ್ಲವೋ. ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಐದು ಮೀಟರಿನ ಸ್ಟೀಲ್ ಟೇಪು, ಹಿತ್ತಾಳೆಯ ತೂಗುಗುಂಡು ಎರಡೂ ಇವೆ. ಗುಂಡಿನ ದಾರ ಹಳೆಯದಾಗಿದೆ, ಹೊಸದು ಹಾಕಿಸಿಕೊ. ಭಾನುವಾರ ಊರಿಗೆ ಬಂದಾಗ ಮನೆ ಕಡೆ ಬಂದು ತಗೊಂಡು ಹೋಗು.